ಶ್ರೀಲಂಕಾದಲ್ಲಿ ಯುದ್ಧ ಯಾಕಾಯಿತು ಅಂತ ಮಕ್ಕಳಿಗೆ ಹೇಗೆ ಹೇಳುವುದು?

ಪ್ರಶ್ನೆ: ಹತ್ತನೇ ತರಗತಿಗೆ ಶ್ರೀಲಂಕಾದ ಅಂತರ್ಯುದ್ಧದ ಕಾರಣ ವಿವರಿಸಬೇಕು. ಸಿಂಹಳೀಯರಿಗೂ ತಮಿಳರಿಗೂ ಎರಡು ಸಾವಿರ ವರ್ಷದ ಹಗೆ ಇತ್ತು ಅಂದರೆ ಸಾಕಲ್ವಾ?

ಸಾಕಾಗುವುದಿಲ್ಲ. ಅಧಿಕಾರ ಹಂಚಿಕೆಯ ಪಾಠ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ, ನಾನೂ ಇದನ್ನೇ ಹೇಳುತ್ತೇನೆ. ಈ 'ಹಳೇ ಹಗೆ'ಯ ಕಥೆ ಮೇಷ್ಟ್ರಿಗೆ ಸುಲಭ. ಮಕ್ಕಳಿಗೂ ಸುಲಭ, ಒಂದು ಸಾಲು ಬರೆದರೆ ಮುಗೀತು. ಆದರೆ ಅದು ಸುಳ್ಳು.

ಸಿಂಹಳೀಯರ ಕೊನೆಯ ರಾಜ್ಯ ಕ್ಯಾಂಡಿಯನ್ನೇ ನೋಡಿ. 1739ರಿಂದ 1815ರವರೆಗೆ ಅದನ್ನು ಆಳಿದ ನಾಯಕ ಮನೆತನ ದಕ್ಷಿಣ ಭಾರತ ಮೂಲದ್ದು, ಮಧುರೆಯ ನಂಟಿನದು. ಆ ರಾಜರೇ ಬೌದ್ಧ ಧರ್ಮವನ್ನು ಪೋಷಿಸಿದರು. ಅವರಲ್ಲೊಬ್ಬನಾದ ಕೀರ್ತಿ ಶ್ರೀ ರಾಜಸಿಂಹ 1753ರಲ್ಲಿ ಸಯಾಮಿನಿಂದ (ಇಂದಿನ ಥಾಯ್ಲೆಂಡ್) ಭಿಕ್ಷುಗಳನ್ನು ಕರೆಸಿ, ನಿಂತೇ ಹೋಗಿದ್ದ ಭಿಕ್ಷು ದೀಕ್ಷೆಯನ್ನು ಮತ್ತೆ ಶುರು ಮಾಡಿಸಿದ. ಹಗೆಯವರ ಮನೆಯಿಂದ ಯಾರಾದರೂ ರಾಜನನ್ನು ತರುತ್ತಾರಾ?

ಇನ್ನೂ ಹತ್ತಿರಕ್ಕೆ ಬನ್ನಿ. 1919ರಲ್ಲಿ ಸಿಲೋನ್ (ಲಂಕೆಯ ಆಗಿನ ಹೆಸರು) ನ್ಯಾಷನಲ್ ಕಾಂಗ್ರೆಸ್ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರು ಪೊನ್ನಂಬಲಂ ಅರುಣಾಚಲಂ. ತಮಿಳರು. ಸ್ವಾತಂತ್ರ್ಯ ಬಂದ ಮೇಲೆ ದೊಡ್ಡ ಮಟ್ಟದಲ್ಲಿ ಸರ್ಕಾರದ ಮೇಲೆ ಮೊದಲು ಬಂದೂಕು ಎತ್ತಿದವರು ಯಾರು? 1971ರಲ್ಲಿ, ಜೆವಿಪಿ ಅನ್ನುವ ಎಡಪಂಥೀಯ ಪಕ್ಷದ ಸಿಂಹಳ ಹುಡುಗರು! ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಹಳೇ ಕಾಲದಲ್ಲಿ ಯುದ್ಧಗಳೇ ಆಗಲಿಲ್ಲ ಅಂತಲ್ಲ. ಚೋಳರು ಲಂಕೆಗೆ ದಂಡೆತ್ತಿ ಹೋದರು, ಹಾಗೇ ನಮ್ಮ ಚಾಲುಕ್ಯರ ಮೇಲೂ ಬಂದರು. ಅದು ರಾಜರ ಜಗಳ.

ಹಾಗಾದರೆ ಕಾರಣ? ಬೋರ್ಡಿನ ಮೇಲೆ ಇಸವಿಗಳನ್ನು ಬರೆಯಿರಿ, ಮಕ್ಕಳೇ ಹೇಳುತ್ತಾರೆ. 1956: ಸಿಂಹಳ ಒಂದೇ ಆಡಳಿತ ಭಾಷೆ. ಸರ್ಕಾರಿ ನೌಕರಿ ನಂಬಿಕೊಂಡಿದ್ದ, ಉತ್ತರದ ತಮಿಳರ ಊರು ಜಾಫ್ನಾದ ಮನೆಗಳ ಪಾಡೇನು ಅಂತ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. 1957: ಪ್ರಧಾನಿ ಬಂಡಾರನಾಯಿಕೆ ತಮಿಳು ನಾಯಕ ಚೆಲ್ವನಾಯಕಂ ಜೊತೆ, ತಮಿಳು ಪ್ರದೇಶಗಳಿಗೂ ಸ್ವಲ್ಪ ಅಧಿಕಾರ ಕೊಡುವ ಒಪ್ಪಂದ ಮಾಡಿಕೊಂಡರು. ಮರುವರ್ಷ ಭಿಕ್ಷುಗಳು ಮನೆ ಮುಂದೆ ಬಂದು ಕೂತಾಗ ಅದನ್ನು ಕೈಬಿಟ್ಟರು. 1965ರ ಇನ್ನೊಂದು ಒಪ್ಪಂದದ ಗತಿಯೂ ಅಷ್ಟೇ. 1970ರ ದಶಕದ ಮೊದಲಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ತಮಿಳು ಮಾಧ್ಯಮದವರು ಜಾಸ್ತಿ ಅಂಕ ತೆಗೆಯಬೇಕಾಯಿತು. ಪ್ರತ್ಯೇಕ ದೇಶ ಬೇಕೆಂಬ ತಮಿಳು ನಾಯಕರ ವಡ್ಡುಕೋಟೈ ನಿರ್ಣಯ ಬಂದದ್ದು 1976ರಲ್ಲಿ. ಅಂದರೆ ಭಾಷಾ ಕಾನೂನು ಬಂದು ಇಪ್ಪತ್ತು ವರ್ಷವಾದ ಮೇಲೆ. ಅಷ್ಟೂ ವರ್ಷ ಹಿರಿಯರು ಪಾರ್ಲಿಮೆಂಟಿನಲ್ಲೇ ಕೇಳಿದರು. ಕೇಳಿ ಏನು ಸಿಕ್ಕಿತು ಅಂದರು ಹುಡುಗರು. 1981ರಲ್ಲಿ ಜಾಫ್ನಾ ಲೈಬ್ರರಿ ಸುಟ್ಟುಹೋಯಿತು. 1983ರ ಜುಲೈಯಲ್ಲಿ, ಪ್ರತ್ಯೇಕ ದೇಶಕ್ಕೆ ಬಂದೂಕು ಹಿಡಿದಿದ್ದ ತಮಿಳು ಸಂಘಟನೆ ಎಲ್‌ಟಿಟಿಇ 13 ಸೈನಿಕರನ್ನು ಕೊಂದಿತು, ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಅಲ್ಲಿಂದ ಯುದ್ಧ ಶುರುವಾಯಿತು, ಮುಗಿದದ್ದು 2009ರ ಮೇ ತಿಂಗಳಲ್ಲಿ.

ಇಷ್ಟು ಹೇಳಿದ ಮೇಲೆ ಒಬ್ಬರಾದರೂ ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಒಂದಿದೆ, ಯಾರೂ ಕೇಳುವುದಿಲ್ಲ. ಎಲ್ಲರಿಗಿಂತ ಮೊದಲು ಪೆಟ್ಟು ತಿಂದವರು ಟೀ ತೋಟದ ತಮಿಳರು, ಬ್ರಿಟಿಷರ ಕಾಲದಲ್ಲಿ ಭಾರತದಿಂದ ಕೂಲಿಗೆ ಹೋದವರು. 1948ರ ಕಾನೂನಿನಿಂದ ಅವರಲ್ಲಿ ಹೆಚ್ಚಿನವರಿಗೆ ಪೌರತ್ವವೇ ಇಲ್ಲದಾಯಿತು. ಮತ್ತೆ ತೋಟಗಳು ಯಾಕೆ ರಣರಂಗ ಆಗಲಿಲ್ಲ? ಕೆಲವು ಹುಡುಗರು ಹೋರಾಟಕ್ಕೆ ಸೇರಿದ್ದು ನಿಜ. ಆದರೆ ಅವರ ಊರುಗಳ ಸುತ್ತ ಸಿಂಹಳ ಹಳ್ಳಿಗಳೇ ಇದ್ದವು, ಇದು ನಮ್ಮ ನೆಲ ಅಂತ ಗೆರೆ ಎಳೆಯುವ ಹಾಗಿರಲಿಲ್ಲ. ಜೊತೆಗೆ ಅವರ ಕೈಯಲ್ಲಿ ಯೂನಿಯನ್ ಇತ್ತು. ಅದರ ನಾಯಕ ತೊಂಡಮಾನ್ 1978ರಲ್ಲಿ ಮಂತ್ರಿಯೇ ಆದರು, ಒಳಗಿದ್ದುಕೊಂಡೇ ಚೌಕಾಸಿ ಮಾಡಿದರು. ಪೌರತ್ವ ಸ್ವಲ್ಪ ಸ್ವಲ್ಪವಾಗಿ ವಾಪಸ್ ಬಂತು, 2003ರ ಕಾನೂನಿನವರೆಗೂ.

ಅಷ್ಟರಲ್ಲಿ ಲಕ್ಷಗಟ್ಟಲೆ ಜನ ಎರಡೂ ದೇಶದ ಪ್ರಧಾನಿಗಳ ನಡುವೆ ಆದ 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಂತೆ ಭಾರತಕ್ಕೆ ಬಂದಾಗಿತ್ತು. ಕೆಲವರು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೂ ಬಂದರು. ನೀವು ಆ ಕಡೆಯವರಾದರೆ ಪಾಠಕ್ಕೆ ಮುಂಚೆ ಕ್ಲಾಸಿನಲ್ಲಿ ಸುಮ್ನೆ ವಿಚಾರಿಸಿ. ಯಾವುದೋ ಮಗುವಿನ ಅಜ್ಜಿ ಲಂಕೆಯ ಟೀ ತೋಟಗಳ ಊರು ನುವರ ಎಲಿಯದಲ್ಲಿ ಹುಟ್ಟಿದವರಿರಬಹುದು.