ಕೊಚ್ಚಿ–ಮುಝಿರಿಸ್ ಬಿನಾಲೆ: ಬಂದರಿನ ಕಡೆಯಿಂದ ಓದಿಕೊಳ್ಳುವವರಿಗೆ ಟಿಪ್ಪಣಿ

ದೃಶ್ಯಕಲೆ, ಕಲಾ ಇತಿಹಾಸ ಓದುತ್ತಿರುವವರಿಗೆ ಈ ಟಿಪ್ಪಣಿ. ಬಿನಾಲೆ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ. ಅದು 1895ರಲ್ಲಿ ವೆನಿಸ್‌ನಲ್ಲಿ ಶುರುವಾದ ಕಥೆ ಎಲ್ಲ ಪುಸ್ತಕಗಳಲ್ಲೂ ಸಿಗುವುದರಿಂದ ಇಲ್ಲಿ ಬಿಟ್ಟಿದ್ದೇನೆ. ಸಾಮಾನ್ಯ ನೋಟ್ಸ್‌ಗಳು ಕೇರಳದ ಕೊಚ್ಚಿಯ ಹಳೆಯ ಬಂದರು ಗೋದಾಮುಗಳಲ್ಲಿ ನಡೆಯುವ ಈ ಬಿನಾಲೆಯ ಇತಿಹಾಸವನ್ನು 2010ರಿಂದ ಶುರು ಮಾಡುತ್ತವೆ. ಹಾಗೆ ಓದಿದರೆ ಹೆಸರಿನಲ್ಲಿ ‘ಮುಝಿರಿಸ್’ ಎಂಬ ಪ್ರಾಚೀನ ಬಂದರು ಯಾಕಿದೆ, ಅಷ್ಟೊಂದು ಗೋದಾಮುಗಳು ಯಾಕೆ ಖಾಲಿ ಬಿದ್ದಿದ್ದವು ಎಂಬ ಎರಡು ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಬಂದರು ಜಾಗ ಬದಲಿಸಿದ ಕ್ರಮ ಗೊತ್ತಾದರೆ ಉಳಿದದ್ದು ಅರ್ಧ ತಾನಾಗಿಯೇ ಗೊತ್ತಾಗುತ್ತದೆ.

ಶುರುವಾದ ಬಗೆ, ಬೇಗ ಬೇಗ

2010ರಲ್ಲಿ ಕೇರಳದ ಸಂಸ್ಕೃತಿ ಸಚಿವರಾಗಿದ್ದ ಎಂ.ಎ. ಬೇಬಿ ಅವರು ಮುಂಬೈನಲ್ಲಿ ನೆಲೆಸಿದ್ದ ಇಬ್ಬರು ಮಲಯಾಳಿ ಕಲಾವಿದರನ್ನು, ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಅವರನ್ನು, ಕೇರಳದಲ್ಲಿ ಅಂತರರಾಷ್ಟ್ರೀಯ ಮಟ್ಟದ ಕಲಾ ಕಾರ್ಯಕ್ರಮವೊಂದನ್ನು ಕಟ್ಟಿಕೊಡಿ ಎಂದು ಕೇಳಿದರು. ಅದೇ ವರ್ಷ ಕೊಚ್ಚಿ ಬಿನಾಲೆ ಫೌಂಡೇಶನ್ ಎಂಬ ಟ್ರಸ್ಟ್ ಹುಟ್ಟಿತು. 2011ರಲ್ಲಿ ಸರ್ಕಾರ ಬದಲಾಯಿತು, ಹಣದ ಬಳಕೆಯ ಬಗ್ಗೆ ತಕರಾರು ಎದ್ದಿತು, ಕೇರಳದ ಕೆಲವು ಕಲಾವಿದರೇ ವಿರೋಧಕ್ಕೆ ನಿಂತರು. ಆದರೂ 12-12-12ರಂದು ಮೊದಲ ಆವೃತ್ತಿ ತೆರೆಯಿತು. ಆ ದಿನ ಹಲವು ಕೃತಿಗಳ ಕೆಲಸ ಇನ್ನೂ ನಡೆದೇ ಇತ್ತು.

ಆವೃತ್ತಿ ಲೆಕ್ಕ

ಸಾಮಾನ್ಯವಾಗಿ ತೆರೆಯುವ ದಿನ ಡಿಸೆಂಬರ್ 12, ಮುಗಿಯುವುದು ಮುಂದಿನ ವರ್ಷ ಮಾರ್ಚ್‌ನಲ್ಲಿ. ಆವೃತ್ತಿಯನ್ನು ತೆರೆದ ವರ್ಷದಿಂದಲೇ ಗುರುತಿಸಬೇಕು. 2015ರಲ್ಲಿ ನೋಡಿ ಬಂದವರು ನೋಡಿದ್ದು 2014ರ ಆವೃತ್ತಿ.

ಸುಲಭ ಸೂತ್ರ: ವರ್ಷದಿಂದ 2010 ಕಳೆದು 2ರಿಂದ ಭಾಗಿಸಿ. 2012ಕ್ಕೆ 1, 2014ಕ್ಕೆ 2, 2016ಕ್ಕೆ 3, 2018ಕ್ಕೆ 4. ಇಲ್ಲಿಗೆ ಸೂತ್ರದ ಆಯುಸ್ಸು ಮುಗಿಯಿತು. 2020ರದು ಕೋವಿಡ್‌ನಿಂದ ಮುಂದಕ್ಕೆ ಹೋಗಿ 2022ರಲ್ಲಿ ನಡೆಯಿತು. ಸೂತ್ರ 6 ಎನ್ನುತ್ತದೆ, ನಿಜಕ್ಕೂ ಅದು 5ನೆಯದು. ಮುಂದಿನದು 2024ರಲ್ಲಿ ಆಗದೆ 2025ರ ಡಿಸೆಂಬರ್ 12ಕ್ಕೆ ತೆರೆಯಿತು. ಸೂತ್ರ ಏಳೂವರೆ ಎಂದು ತಮಾಷೆ ಮಾಡುತ್ತದೆ, ನಿಜಕ್ಕೂ ಅದು 6ನೆಯದು. ಬಹು ಆಯ್ಕೆ ಪ್ರಶ್ನೆಗಳಲ್ಲಿ ಜನ ಎಡವುವುದು ಈ ಎರಡು ವರ್ಷಗಳಲ್ಲೇ.

ಕ್ಯುರೇಟರ್‌ಗಳ (ಕೃತಿಗಳನ್ನು ಆರಿಸಿ ಪ್ರದರ್ಶನ ರೂಪಿಸುವವರ) ಕ್ರಮಕ್ಕೆ ‘ಬೋರಿ–ಜಿಸು–ಅಶು–ನಿ’ ಎಂದು ಬಾಯಿಪಾಠ ಮಾಡಿಕೊಳ್ಳಿ. ಅರ್ಥವಿಲ್ಲದ್ದರಿಂದಲೇ ಮರೆಯುವುದಿಲ್ಲ. ಬೋಸ್ ಮತ್ತು ರಿಯಾಸ್ ಒಟ್ಟಾಗಿ (2012), ಜಿತೀಶ್ ಕಲ್ಲಟ್ (2014), ಸುದರ್ಶನ್ ಶೆಟ್ಟಿ (2016), ಅನಿತಾ ದುಬೆ (2018), ಶುಬಿಗಿ ರಾವ್ (2022), ನಿಖಿಲ್ ಚೋಪ್ರಾ (2025). ಚೋಪ್ರಾ ಅವರ ಜೊತೆ ಗೋವಾದ ಎಚ್‌ಎಚ್ ಆರ್ಟ್ ಸ್ಪೇಸಸ್ ತಂಡದ ಹೆಸರನ್ನೂ ಬರೆಯಬೇಕು. ಮೊದಲ ಮಹಿಳಾ ಕ್ಯುರೇಟರ್ ಅನಿತಾ ದುಬೆ. ಸುದರ್ಶನ್ ಶೆಟ್ಟಿ 1961ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ, ಕಲಾಜೀವನವೆಲ್ಲ ಮುಂಬೈಯಲ್ಲಿ.

1341: ಎಲ್ಲರೂ ಜಾರುವ ಮೆಟ್ಟಿಲು

ಇದನ್ನು ಉದ್ದಕ್ಕೇ ಬರೆಯುತ್ತೇನೆ. ಹೆಚ್ಚಿನ ನೋಟ್ಸ್‌ಗಳಲ್ಲಿ ಒಂದೇ ಸಾಲು ಇರುತ್ತದೆ: ‘ಮುಝಿರಿಸ್ ರೋಮನ್ನರ ಜೊತೆ ವ್ಯಾಪಾರ ಮಾಡುತ್ತಿದ್ದ ಬಂದರು, 1341ರ ಪೆರಿಯಾರ್ ಪ್ರವಾಹದಲ್ಲಿ ನಾಶವಾಯಿತು, ಆಗ ಕೊಚ್ಚಿ ಹುಟ್ಟಿತು.’ ಓದಿದರೆ ರೋಮನ್ ಹಡಗುಗಳು ಮೆಣಸು ತುಂಬಿಸಿಕೊಳ್ಳುತ್ತಿದ್ದ ಹೊತ್ತಿಗೇ ನೆರೆ ಬಂದು ಅವನ್ನು ಕೊಚ್ಚಿಗೆ ಓಡಿಸಿತು ಅನ್ನಿಸುತ್ತದೆ. ಕಾಲ ಸ್ವಲ್ಪವೂ ಹೊಂದುವುದಿಲ್ಲ.

ರೋಮನ್ ವ್ಯಾಪಾರ ಜೋರಾಗಿದ್ದದ್ದು ಕ್ರಿ.ಶ. 1 ಮತ್ತು 2ನೇ ಶತಮಾನಗಳಲ್ಲಿ. ಯವನರ (ಗ್ರೀಕ್–ರೋಮನ್ ವ್ಯಾಪಾರಿಗಳ) ಹಡಗುಗಳು ಚಿನ್ನ ತಂದು ಮೆಣಸು ಒಯ್ಯುತ್ತಿದ್ದವು ಎಂದು ಸಂಗಂ ಕಾಲದ ತಮಿಳು ಕವನ ಸಂಕಲನ ಅಗನಾನೂರು ಹೇಳುವ ‘ಮುಚಿರಿ’ ಇದೇ ಊರು. ಮುಝಿರಿಸ್‌ಗೆ ಸಂಬಂಧಪಟ್ಟ ಸಾಲಪತ್ರವೊಂದು 2ನೇ ಶತಮಾನದ ಪಪೈರಸ್ ಹಾಳೆಯಲ್ಲಿ ಉಳಿದಿದೆ, ಈಗ ವಿಯೆನ್ನಾದಲ್ಲಿದೆ. ಅದರ ಹಿಂಬದಿಯಲ್ಲಿ ‘ಹರ್ಮಪೊಲ್ಲೊನ್’ ಎಂಬ ಹಡಗಿನ ಸರಕಿನ ಲೆಕ್ಕವಿದೆ. ರೋಮನ್ ಲೇಖಕ ಪ್ಲಿನಿಯಂತೂ ಮುಝಿರಿಸ್ ಅಷ್ಟೇನೂ ಒಳ್ಳೆಯ ರೇವಲ್ಲ, ಹತ್ತಿರದ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ, ಹಡಗು ದಡದಿಂದ ದೂರ ನಿಲ್ಲಬೇಕು, ಸರಕನ್ನು ದೋಣಿಯಲ್ಲಿ ಸಾಗಿಸಬೇಕು ಎಂದು ಗೊಣಗುತ್ತಾನೆ. ಈ ನಿತ್ರಿಯಾಸ್ ನೇತ್ರಾವತಿಯ ಬಾಯಿ, ಅಂದರೆ ಮಂಗಳೂರಿನ ಆಸುಪಾಸು ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ಕರಾವಳಿಯ ಪ್ರಸ್ತಾಪ ಬಂದದ್ದು ಕಳ್ಳರ ಲೆಕ್ಕದಲ್ಲಿ, ಇರಲಿ.

ಪಶ್ಚಿಮ ರೋಮನ್ ಸಾಮ್ರಾಜ್ಯ ಮುಗಿದದ್ದು 476ರಲ್ಲಿ. 1341ಕ್ಕೂ ಅದಕ್ಕೂ ನಡುವೆ ಎಂಟೂವರೆ ಶತಮಾನಕ್ಕಿಂತ ಹೆಚ್ಚು ಅಂತರ. ಆ ನಡುವಣ ಕಾಲದಲ್ಲಿ ಈ ಪ್ರದೇಶ ಸತ್ತಿರಲಿಲ್ಲ ಎನ್ನಲು ಒಂದು ಗಟ್ಟಿ ಆಧಾರ ಸಾಕು: ಸುಮಾರು ಕ್ರಿ.ಶ. 1000ದ ಯಹೂದಿ ತಾಮ್ರಶಾಸನ. ಚೇರ ಅರಸ ಭಾಸ್ಕರ ರವಿವರ್ಮ ಯಹೂದಿ ಮುಖಂಡ ಜೋಸೆಫ್ ರಬ್ಬಾನ್‌ಗೆ ಹಕ್ಕುಗಳನ್ನು ಕೊಟ್ಟ ಈ ಶಾಸನದಲ್ಲಿ ಮುಝಿರಿಸ್ ಎಂದೇ ಗುರುತಿಸಲಾಗುವ ‘ಮುಯಿರಿಕ್ಕೋಡ್’ ಎಂಬ ಊರಿನ ಹೆಸರೇ ಇದೆ. ಎಂದರೆ ರೋಮನ್ನರು ಹೋದ ಮೇಲೂ ಅರಬ್, ಯಹೂದಿ ವ್ಯಾಪಾರ ಅಲ್ಲಿ ನಡೆದೇ ಇತ್ತು.

ಹಾಗಾದರೆ 1341ರಲ್ಲಿ ಆದದ್ದೇನು? ಪೆರಿಯಾರ್ ಹೊಳೆಯ ದೊಡ್ಡ ನೆರೆಯಲ್ಲಿ, ಮುಝಿರಿಸ್ ಇದ್ದ ಪ್ರದೇಶವೆನ್ನುವ ಕೊಡುಂಗಲ್ಲೂರಿನ ಅಳಿವೆಬಾಯಿ ಹೂಳಿನಿಂದ ಕಟ್ಟಿಕೊಂಡಿತು, ದಕ್ಷಿಣಕ್ಕೆ ಕೊಚ್ಚಿಯಲ್ಲಿ ಹಿನ್ನೀರು ಸಮುದ್ರಕ್ಕೆ ಅಗಲವಾಗಿ ತೆರೆದುಕೊಂಡಿತು ಎಂಬುದು ಪರಂಪರೆಯಿಂದ ಬಂದ ವಿವರಣೆ. ವೈಪಿನ್ ದ್ವೀಪ ಈಗಿನ ರೂಪಕ್ಕೆ ಬಂದದ್ದೂ ಆಗಲೇ ಎನ್ನುತ್ತಾರೆ. ಅಲ್ಲಿ ‘ಪುದುವೈಪ್’ ಎಂಬ ಶಕೆಯನ್ನೇ ಆ ವರ್ಷದಿಂದ ಎಣಿಸುತ್ತಿದ್ದರು. ಅದಾಗಲೇ ಬೇರೆ ಕಾರಣಗಳಿಂದ ಸೊರಗುತ್ತಿದ್ದ ಬಂದರಿಗೆ ನೆರೆ ಕೊನೆಯ ಪೆಟ್ಟು ಕೊಟ್ಟಿತೇ, ಅಥವಾ ಅದೇ ಮೊದಲ ಪೆಟ್ಟೇ ಎಂಬುದರಲ್ಲಿ ಇತಿಹಾಸಕಾರರು ಒಮ್ಮತದಲ್ಲಿಲ್ಲ. ಪರೀಕ್ಷೆಯಲ್ಲಿ ‘1341ರ ನೆರೆ ಬಂದರನ್ನು ಕೊಡುಂಗಲ್ಲೂರಿನಿಂದ ಕೊಚ್ಚಿಗೆ ಸರಿಸಿತು’ ಎಂದು ಬರೆಯಿರಿ. ‘ರೋಮನ್ ವ್ಯಾಪಾರವನ್ನು ನಿಲ್ಲಿಸಿತು’ ಎಂದು ಬರೆಯಬೇಡಿ.

ಇನ್ನೊಂದು ಎಚ್ಚರ. ಮುಝಿರಿಸ್ ಎಂದರೆ ಕೊಚ್ಚಿಯ ಹಳೆಯ ಹೆಸರಲ್ಲ. ಕೇರಳ ಇತಿಹಾಸ ಸಂಶೋಧನಾ ಮಂಡಳಿ 2007ರಿಂದ ಅಗೆದ ಪಟ್ಟಣಂ ಗ್ರಾಮ ಉತ್ತರ ಪರವೂರಿನ ಬಳಿ ಇದೆ, ಕೊಚ್ಚಿಯಿಂದ ಸುಮಾರು 25 ಕಿ.ಮೀ. ಉತ್ತರಕ್ಕೆ. ಅಲ್ಲಿ ರೋಮನ್ ಆಂಫೊರಾ ಜಾಡಿಗಳ ಚೂರು, ಇಟ್ಟಿಗೆ ಕಟ್ಟಡದ ಅವಶೇಷ, ಮರದ ದೋಣಿ ಸಿಕ್ಕಿವೆ. ಇದೇ ಮುಝಿರಿಸ್ ಎಂದು ಅಗೆದವರ ವಾದ, ಎಲ್ಲರೂ ಒಪ್ಪಿಲ್ಲ. ಬಿನಾಲೆಯ ಹೆಸರಿನಲ್ಲಿ ಒಂದು ಅಡ್ಡಗೆರೆ ಇದೆಯಲ್ಲ, ಅದರ ಎರಡು ಬದಿಯಲ್ಲಿರುವುದು ಎರಡು ಬೇರೆ ಊರು, ಎರಡು ಬೇರೆ ಕಾಲ.

2012ರಲ್ಲಿ ಕಲಾವಿದ ವಿವಾನ್ ಸುಂದರಂ ಅವರು ಇದನ್ನೇ ಕೃತಿ ಮಾಡಿದರು. ಪಟ್ಟಣಂ ಉತ್ಖನನದಲ್ಲಿ ದಾಖಲಿಸಿ ಬದಿಗಿಟ್ಟಿದ್ದ ಮಡಕೆ ಚೂರುಗಳನ್ನು ರಾಶಿ ರಾಶಿಯಾಗಿ ತಂದು ನೆಲದ ಮೇಲೆ ಒಂದು ಕಲ್ಪನೆಯ ಬಂದರು ಪಟ್ಟಣವನ್ನು ಜೋಡಿಸಿದರು, ನಡುನಡುವೆ ಕರಿಮೆಣಸು ಸುರಿದರು. ಕೃತಿಯ ಹೆಸರು ‘ಬ್ಲ್ಯಾಕ್ ಗೋಲ್ಡ್’. ಮೊದಲ ಆವೃತ್ತಿಯಿಂದ ಒಂದೇ ಕೃತಿ ಉದಾಹರಿಸುವುದಾದರೆ ಇದನ್ನೇ ಕೊಡಿ.

ಗೋದಾಮು ಖಾಲಿಯಾದದ್ದು ಹೇಗೆ

ಪೋರ್ಚುಗೀಸ್ ನಾವಿಕ ಕಬ್ರಾಲ್ 1500ರ ಡಿಸೆಂಬರ್‌ನಲ್ಲಿ ಕೊಚ್ಚಿಗೆ ಬಂದ. ಬಿನಾಲೆ ನಡೆಯುವ ಜಾಗಗಳಲ್ಲೊಂದಾದ ಕಬ್ರಾಲ್ ಯಾರ್ಡ್‌ಗೆ ಅವನದೇ ಹೆಸರು. ಪೋರ್ಚುಗೀಸರ ಕೈಯಿಂದ 1663ರಲ್ಲಿ ಡಚ್ಚರಿಗೆ, 1795ರಲ್ಲಿ ಬ್ರಿಟಿಷರಿಗೆ. ಮುಖ್ಯ ಆವರಣವಾದ ಆಸ್ಪಿನ್‌ವಾಲ್ ಹೌಸ್ 1867ರಲ್ಲಿ ಜಾನ್ ಆಸ್ಪಿನ್‌ವಾಲ್ ಕಟ್ಟಿದ ವ್ಯಾಪಾರ ಸಂಸ್ಥೆಯದು: ಕೊಬ್ಬರಿ ಎಣ್ಣೆ, ಮೆಣಸು, ಶುಂಠಿ, ನಾರು, ಕಾಫಿ. ಮಂಗಳೂರಿನಲ್ಲಿ ಕಾಫಿ ಸಂಸ್ಕರಣೆ ಮಾಡುವ ಆಸ್ಪಿನ್‌ವಾಲ್ ಇದೇ.

ಆಗ ಅಳಿವೆಬಾಯಿಗೆ ಅಡ್ಡಲಾಗಿ ಮರಳದಿಣ್ಣೆ ಇತ್ತು. ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು, ಸರಕು ದೋಣಿಯಲ್ಲಿ ಬರಬೇಕು. ಹಾಗಾಗಿ ಫೋರ್ಟ್ ಕೊಚ್ಚಿಯಿಂದ ಮಟ್ಟಾಂಚೇರಿವರೆಗೆ ನೀರಿಗೆ ಹೊಂದಿಕೊಂಡು ಗೋದಾಮು ಸಾಲು, ಪ್ರತಿಯೊಂದಕ್ಕೂ ತನ್ನದೇ ದಕ್ಕೆ. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಣ್ಣೆ ಕೊರೆದು ಕಾಲುವೆ ಮಾಡಿದ. 1928ರಲ್ಲಿ ‘ಪದ್ಮಾ’ ಎಂಬ ಹಡಗು ಒಳಬಂದರಿಗೇ ಬಂತು. ಹೂಳೆತ್ತಿದ ಮಣ್ಣಿನಿಂದ ವಿಲಿಂಗ್ಡನ್ ದ್ವೀಪ ಆಯಿತು, ಹಡಗುಕಟ್ಟೆಗಳು ಅಲ್ಲಿಗೆ ಹೋದವು. (ಬಂದರಿನ ‘ಮಟ್ಟಾಂಚೇರಿ ವಾರ್ಫ್’ ಇರುವುದು ಮಟ್ಟಾಂಚೇರಿಯಲ್ಲಲ್ಲ, ವಿಲಿಂಗ್ಡನ್ ದ್ವೀಪದಲ್ಲಿ. ನಕ್ಷೆ ನೋಡದೆ ಬರೆದವರೆಲ್ಲ ಇಲ್ಲಿ ಸಿಕ್ಕಿಬೀಳುತ್ತಾರೆ.)

ಆಮೇಲೆ ಕಂಟೇನರ್. ಭಾರತಕ್ಕೆ ಮೊದಲ ಕಂಟೇನರ್ ಹಡಗು ಬಂದದ್ದು 1973ರಲ್ಲಿ, ಕೊಚ್ಚಿಗೇ. ಪೆಟ್ಟಿಗೆಯೊಳಗೆ ಸರಕು ತುಂಬಿದ ಮೇಲೆ ನೀರಂಚಿನ ಗೋದಾಮಿನಲ್ಲಿ ಮೂಟೆ ಇಳಿಸಿ, ಒಣಗಿಸಿ, ಮತ್ತೆ ಹತ್ತಿಸುವ ಕೆಲಸವೇ ಕಡಿಮೆಯಾಗುತ್ತದೆ. 2011ರ ಫೆಬ್ರವರಿಯಲ್ಲಿ ಕೊಚ್ಚಿಯ ಕಂಟೇನರ್ ಬಂದರಾದ ವಲ್ಲಾರ್‌ಪಾಡಂ ಟರ್ಮಿನಲ್ ಉದ್ಘಾಟನೆಯಾಯಿತು, ಮರುವರ್ಷ ಬಿನಾಲೆ. ಒಂದರಿಂದಲೇ ಇನ್ನೊಂದು ಆಯಿತು ಎಂದು ಬರೆದರೆ ತಪ್ಪು. ಗೋದಾಮುಗಳು ಅದಕ್ಕೆ ಮೊದಲೇ ಖಾಲಿಯಾಗುತ್ತ ಬಂದಿದ್ದವು. 2025ರ ಆವೃತ್ತಿಯಲ್ಲಿ ವಿಲಿಂಗ್ಡನ್ ದ್ವೀಪದ ಗೋದಾಮೂ ಪ್ರದರ್ಶನದ ಜಾಗವಾಯಿತು.

ಮೆಣಸಿನ ಗೋದಾಮಿನಲ್ಲಿ ಕಲೆ ಇಟ್ಟರೆ

ಗ್ಯಾಲರಿ ಬಯಸುವುದು ಸ್ಥಿರ ಉಷ್ಣತೆ, ಶೇ. 50ರ ಆಸುಪಾಸಿನ ಆರ್ದ್ರತೆ. ಗೋದಾಮು ಕಟ್ಟಿದ್ದು ಗಾಳಿ ಆಡಲೆಂದು: ದಪ್ಪ ಗೋಡೆ, ಎತ್ತರದ ಹಂಚಿನ ಮಾಡು, ಕಡಲಿಗೆ ತೆರೆದ ಬಾಗಿಲು. ಉಪ್ಪುಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ, ಕಾಗದಕ್ಕೆ ಬೂಷ್ಟು ಬರುತ್ತದೆ, ಪ್ರೊಜೆಕ್ಟರ್‌ನ ಒಳಗೆ ತೇವ ಸೇರುತ್ತದೆ, ಹಂಚಿನ ಸಂದಿಯಿಂದ ಬೆಳಕು ಬಿದ್ದು ವಿಡಿಯೊ ಮಸುಕಾಗುತ್ತದೆ. ಆದ್ದರಿಂದ ಇಲ್ಲಿ ಗೆದ್ದವು ಜಾಗಕ್ಕೆಂದೇ ಮಾಡಿದ ಕೃತಿಗಳು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ಶೀಲಾ ಗೌಡ ಅವರು 2012ರಲ್ಲಿ ಕ್ರಿಸ್ಟೊಫ್ ಸ್ಟೋರ್ಟ್ಸ್ ಜೊತೆ ‘ಸ್ಟಾಪ್‌ಓವರ್’ ಮಾಡಿದರು: ಹಳೆ ಮನೆ ಕೆಡವಿದಾಗ ಬೆಂಗಳೂರಿನ ಬೀದಿಬದಿಗೆ ಬಿದ್ದ ಒರಳುಕಲ್ಲುಗಳು, ನೂರಕ್ಕೂ ಹೆಚ್ಚು, ಲಾರಿಯೇರಿ ಆಸ್ಪಿನ್‌ವಾಲ್‌ನ ನೀರಂಚಿಗೆ ಬಂದವು. ಮಿಕ್ಸಿ ಬಂದ ಮೇಲೆ ಯಾರಿಗೂ ಬೇಡವಾದ, ಎಸೆಯಲೂ ಮನಸ್ಸು ಬಾರದ ಕಲ್ಲು. ಮಸಾಲೆ ಅರೆದದ್ದು, ಮಸಾಲೆ ಸಾಗಿಸಿದ ಕಟ್ಟಡಕ್ಕೆ. ಆರ್ದ್ರತೆ ಅದನ್ನೇನೂ ಮಾಡಲಾರದು. 2014ರಲ್ಲಿ ಅನೀಶ್ ಕಪೂರ್ ಅವರ ‘ಡಿಸೆನ್ಶನ್’ ನೆಲದೊಳಗೆ ಕಪ್ಪು ನೀರಿನ ಸುಳಿಯನ್ನು ತಿರುಗಿಸಿತು. 2016ರಲ್ಲಿ ಚಿಲಿಯ ಕವಿ ರಾವುಲ್ ಜುರಿತಾ ಗೋದಾಮಿಗೆ ನೀರು ತುಂಬಿಸಿದರು. ಸಿರಿಯಾದ ನಿರಾಶ್ರಿತ ಮಗುವಿನ ನೆನಪಿನ ಸಾಲುಗಳನ್ನು ಓದಲು ನೀರಿನಲ್ಲೇ ನಡೆದುಹೋಗಬೇಕಿತ್ತು.

ಡಿಸೆಂಬರ್‌ನಿಂದ ಮಾರ್ಚ್ ಎಂಬ ಅವಧಿಯೂ ಹವೆಯ ಲೆಕ್ಕವೇ: ಹಿಂಗಾರು ಮುಗಿದಿರುತ್ತದೆ, ಬೇಸಿಗೆಯ ಬೇಗೆ ಇನ್ನೂ ಏರಿರುವುದಿಲ್ಲ. ಆದರೆ ಕೃತಿ ಜೋಡಿಸುವ ಕೆಲಸ ನಡೆಯುವುದು ಹಿಂಗಾರಿನಲ್ಲೇ. 2022ರಲ್ಲಿ ಇದು ಕೈಕೊಟ್ಟಿತು. ಆವರಣ ಸಿದ್ಧವಾಗಿರಲಿಲ್ಲ, ಸರಕು ಬರುವುದು ತಡವಾಯಿತು, ಮಾಂಡೌಸ್ ಚಂಡಮಾರುತದ ಮಳೆ ಸುರಿಯಿತು. ಡಿಸೆಂಬರ್ 12ರ ಬದಲು 23ಕ್ಕೆ ತೆರೆಯಿತು, ಕಲಾವಿದರು ಬಹಿರಂಗ ಪತ್ರ ಬರೆದು ವ್ಯವಸ್ಥೆಯನ್ನು ಟೀಕಿಸಿದರು. ಮಳೆ ಕಾರಣಗಳಲ್ಲಿ ಒಂದು ಮಾತ್ರ. ಉತ್ತರದಲ್ಲಿ ಅದೊಂದನ್ನೇ ಬರೆದರೆ ಅರ್ಧ ಅಂಕ.

ಊರಿನವರ ಪಾಲು

ಇದನ್ನು ‘ಜನರ ಬಿನಾಲೆ’ ಎಂದು ಕರೆಯುವುದುಂಟು. ಯಾವ ಜನ ಎಂದು ಕೇಳಬೇಕು. ಮಟ್ಟಾಂಚೇರಿ ಬಂದರು ಕೂಲಿಗಳ ಊರು. ಅಲ್ಲಿ ‘ಚಾಪ್ಪ’ ಪದ್ಧತಿ ಇತ್ತು: ಲೋಹದ ಬಿಲ್ಲೆಗಳನ್ನು ಕೂಲಿಗಳ ಗುಂಪಿನ ಮೇಲೆ ಎಸೆಯುವುದು, ನೂಕಾಟದಲ್ಲಿ ಹೆಕ್ಕಿಕೊಂಡವನಿಗೆ ಆ ದಿನದ ಕೆಲಸ. ಅದರ ವಿರುದ್ಧದ ಹೋರಾಟದ ಮೇಲೆ 1953ರ ಸೆಪ್ಟೆಂಬರ್ 15ರಂದು ಗೋಲಿಬಾರ್ ನಡೆದು ಮೂವರು ಸತ್ತರು. ಈ ಇತಿಹಾಸದ ಪಕ್ಕದಲ್ಲಿಟ್ಟು ನೋಡಿದಾಗ 2018ರ ಆವೃತ್ತಿ ಮುಗಿದ ಮೇಲೆ ಕಟ್ಟಡ ಕೆಲಸದ ಬಾಕಿ ಹಣದ ಬಗ್ಗೆ ಎದ್ದ ವಿವಾದ ಚಿಕ್ಕದೆನಿಸುವುದಿಲ್ಲ.

ಒಳ್ಳೆಯ ಉದಾಹರಣೆಯೂ ಅದೇ ಆವೃತ್ತಿಯದು. ವಿಪಿನ್ ಧನುರ್ಧರನ್ ಅವರು ‘ಸಹೋದರರ್’ ಎಂಬ ಕೃತಿಯಾಗಿ ಒಂದು ಸಾಮೂಹಿಕ ಅಡುಗೆಮನೆಯನ್ನೇ ನಡೆಸಿದರು. ಸ್ಫೂರ್ತಿ 1917ರಲ್ಲಿ ಚೆರಾಯಿಯಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ ಏರ್ಪಡಿಸಿದ, ಜಾತಿಭೇದವಿಲ್ಲದ ಮಿಶ್ರಭೋಜನ. ಶಾಶ್ವತವಾಗಿ ನಿಂತ ಕಾರ್ಯಕ್ರಮಗಳೆಂದರೆ 2014ರಿಂದ ನಡೆಯುವ ಸ್ಟೂಡೆಂಟ್ಸ್ ಬಿನಾಲೆ, ಮಕ್ಕಳ ಕಲಾ ತರಬೇತಿ ಮತ್ತು ಎರ್ನಾಕುಲಂ ಜನರಲ್ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ ವಾರಕ್ಕೊಮ್ಮೆ ಹಾಡುಗಾರಿಕೆ.

ಬೆರೆಸಬಾರದ ಎರಡು

2021ರ ‘ಲೋಕಮೇ ತರವಾಡ್’ ಬಿನಾಲೆಯ ಆವೃತ್ತಿಯಲ್ಲ. ಅದೇ ಫೌಂಡೇಶನ್ ಮುಖ್ಯವಾಗಿ ಆಲಪ್ಪುಳದ ಹಳೆಯ ನಾರಿನ ಕಾರ್ಖಾನೆಗಳಲ್ಲಿ, 267 ಮಲಯಾಳಿ ಕಲಾವಿದರನ್ನು ಸೇರಿಸಿ ನಡೆಸಿದ ಪ್ರದರ್ಶನ ಅದು. ಆಲಪ್ಪುಳವೂ ಸೊರಗಿದ ಬಂದರೇ ಆದ್ದರಿಂದ ಗೊಂದಲ ಸಹಜ.

ಕೊಚ್ಚಿನ್ ಕಾರ್ನಿವಲ್ ಇನ್ನೂ ಬೇರೆ. ಅದು ಶುರುವಾದದ್ದು 1984ರಲ್ಲಿ, 1985ರ ಅಂತರರಾಷ್ಟ್ರೀಯ ಯುವ ವರ್ಷದ ಹೊಸ್ತಿಲಲ್ಲಿ, ಫೋರ್ಟ್ ಕೊಚ್ಚಿಯ ಯುವಕರಿಂದ. ಡಿಸೆಂಬರ್ 31ರ ನಡುರಾತ್ರಿ ‘ಪಪ್ಪಾಂಜಿ’ ಎಂಬ ಮುದುಕನ ಪ್ರತಿಕೃತಿ ಸುಡುತ್ತಾರೆ, ಜನವರಿ 1ಕ್ಕೆ ವೇಷಗಳ ಮೆರವಣಿಗೆ. ಕ್ಯುರೇಟರ್ ಇಲ್ಲ, ಊರಿನ ಕ್ಲಬ್ಬುಗಳದೇ ಕಾರುಬಾರು. ಸಮುದಾಯ ಕಲೋತ್ಸವಕ್ಕೆ ಉದಾಹರಣೆ ಕೊಡಿ ಎಂದು ಪ್ರಶ್ನೆ ಬಂದರೆ, ನನ್ನ ಮಟ್ಟಿಗೆ ಬಿನಾಲೆಗಿಂತ ಮೊದಲು ಬರೆಯಬೇಕಾದ ಹೆಸರು ಇದು.