ಗೇಣು, ಮೊಳ, ಅಡಿಯನ್ನು ಸೆಂಟಿಮೀಟರಿಗೆ ತರುವ ಲೆಕ್ಕ

ಹೆಬ್ಬೆರಳು, ಕಿರುಬೆರಳು ಅಗಲಿಸಿದರೆ ಗೇಣು. ಮೊಳಕೈಯಿಂದ ನಡುಬೆರಳ ತುದಿವರೆಗೆ ಮೊಳ. ಎರಡೂ ಕೈ ಚಾಚಿದರೆ ಮಾರು. 2 ಗೇಣಿಗೆ 1 ಮೊಳ, 4 ಮೊಳಕ್ಕೆ 1 ಮಾರು. ಗೇಣಿಗೆ 9 ಇಂಚು ಹಿಡಿಯುವುದು ರೂಢಿ. ಹಾಗಾಗಿ ಗೇಣು 22.86 ಸೆಂ.ಮೀ., ಮೊಳ 45.72, ಮಾರು 182.88. ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ, 1 ಇಂಚಿಗೆ 2.54 ಅಂತ ನೆನಪಿದ್ದರೆ ಸಾಕು. ಹಳೆಯ ಲೆಕ್ಕದಲ್ಲಿ ಮೊಳಕ್ಕೆ 24 ಅಂಗುಲ ಅಂತ ಬಂದರೆ ಅದು ಬೆರಳಗಲ, ಮುಕ್ಕಾಲು ಇಂಚು. ಪೂರ್ತಿ ಇಂಚು ಅಂತ ಹಿಡಿದರೆ ಮೊಳ 61 ಸೆಂ.ಮೀ. ಆಗಿ ಕೂರುತ್ತೆ.

ಇದು ಪುಸ್ತಕದ ಮಾತು. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಮೊಳ ಅಂದರೆ ಮಾರುವವರ ಕೈಯಳತೆ. ಅಲ್ಲಿ ದಶಾಂಶ ಬರೆಯುವುದು ವ್ಯರ್ಥ, ಸುಮಾರು 45 ಅಂದರೆ ಆಯಿತು. ನಿಮ್ಮ ಕೈಯಿಂದಲೇ ಅಳೆಯುವುದಾದರೆ ಮೊದಲು ನಿಮ್ಮ ಗೇಣು ಎಷ್ಟು ಅಂತ ಗೊತ್ತುಮಾಡಿಕೊಳ್ಳಿ. ನೆಲದ ಮೇಲೆ ಸಾಲಾಗಿ 10 ಗೇಣು ಹಾಕಿ, ಟೇಪು ಹಿಡಿದು, 10ರಿಂದ ಭಾಗಿಸಿ. ಒಂದೇ ಗೇಣು ಅಳೆದರೆ ಬೆರಳು ಬಲವಂತವಾಗಿ ಅಗಲಿಸಿ ಜಾಸ್ತಿ ತೋರಿಸುತ್ತೇವೆ. ನಾಲ್ಕೈದು ಆದಮೇಲೆ ಕೈ ಸೋತು ಗೇಣು ಚಿಕ್ಕದಾಗುತ್ತೆ. 10 ಗೇಣಿಗೆ 205 ಸೆಂ.ಮೀ. ಬಂದರೆ ನಿಮ್ಮ ಗೇಣು 20.5. ಆಗ 7 ಗೇಣಿನ ಮೇಜು 143.5 ಸೆಂ.ಮೀ.; ಪುಸ್ತಕದ ಗೇಣು ಹಾಕಿದರೆ 160.

ಇನ್ನು ಅಡಿ. ಎಲ್ಲರೂ ಎಡವುವುದು ಇಲ್ಲೇ, ಅದೂ ಚುಕ್ಕಿಯಲ್ಲಿ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಅದು ನಿಜವಾದ ದಶಾಂಶ: 0.80 × 12 = 9.6 ಇಂಚು. ನೇರವಾಗಿ 0.3048ರಿಂದ ಗುಣಿಸಿ, 38.04 ಮೀಟರ್. ಆದರೆ ಯಾರಾದರೂ ಎತ್ತರ 5.8 ಅಂತ ಬರೆದರೆ ಅದು ದಶಾಂಶವಲ್ಲ, 5 ಅಡಿ 8 ಇಂಚು. ಕ್ಯಾಲ್ಕುಲೇಟರಿಗೆ 5.8 ಒತ್ತಿದರೆ 176.8 ಸೆಂ.ಮೀ. ಬರುತ್ತೆ, ಸರಿಯುತ್ತರ 172.7. ಇನ್ನೂ ಮಜಾ 5.10ರದು: ಕ್ಯಾಲ್ಕುಲೇಟರಿಗೆ 5.10, 5.1 ಎರಡೂ ಒಂದೇ. 177.8 ಇರಬೇಕಾದವರು 155.4ಕ್ಕೆ ಇಳಿದುಬಿಡುತ್ತಾರೆ, ಹೆಚ್ಚುಕಡಿಮೆ ಒಂದು ಗೇಣು ಮೋಸ!

ಅದಕ್ಕೇ ಅಡಿ, ಇಂಚು ಇದ್ದಲ್ಲಿ ಚುಕ್ಕಿ ಮುಟ್ಟಲೇಬೇಡಿ. ಅಡಿಯನ್ನು 30.48ರಿಂದ, ಇಂಚನ್ನು 2.54ರಿಂದ ಬೇರೆಬೇರೆ ಗುಣಿಸಿ ಕೂಡಿ. 5 ಅಡಿ 8 ಇಂಚು: 152.4 + 20.32 = 172.72. ವಾಪಸ್ ಬರುವಾಗಲೂ ಇದೇ ಎಚ್ಚರ. 165 ಸೆಂ.ಮೀ.ಯನ್ನು 30.48ರಿಂದ ಭಾಗಿಸಿದರೆ 5.41. ಇದನ್ನು 5 ಅಡಿ 4 ಇಂಚು ಅಂತ ಓದಬೇಡಿ, 0.41ನ್ನು 12ರಿಂದ ಗುಣಿಸಿದರೆ 4.9, ಅಂದರೆ 5 ಅಡಿ 5 ಇಂಚು.

ಜಮೀನಿಗೆ ಬಂದಾಗ ಎರಡು ಸಲ ಗುಣಿಸಬೇಕು. ಗುಂಟೆ ಅಂದರೆ 33 × 33 ಅಡಿ, 1089 ಚದರಡಿ. 0.3048ರಿಂದ ಒಂದೇ ಸಲ ಗುಣಿಸಿ ನಿಲ್ಲಿಸಿದರೆ 332 ಬರುತ್ತೆ, ತಪ್ಪು. ಇನ್ನೊಂದು ಸಲ ಗುಣಿಸಿ: 101.17 ಚದರ ಮೀಟರ್. 40 ಗುಂಟೆಯ ಎಕರೆಗೆ 4047.