ಪ್ರೋಬ್ ಅಲ್ಲಾಡಿಸಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ: ಡಿಒ ಮೀಟರ್ ಕೆಟ್ಟಿದೆಯೇ?

ಪ್ರಶ್ನೆ: ಕಾಟ್ಲಾ, ರೋಹು ಮೀನು ಬಿಟ್ಟ ಹೊಂಡಕ್ಕೆಂದು ನೀರಿನಲ್ಲಿ ಕರಗಿದ ಆಮ್ಲಜನಕ (ಡಿಒ) ನೋಡುವ ಮೀಟರ್ ತಂದೆ. ಅದರ ಪ್ರೋಬ್, ಅಂದರೆ ಅಳೆಯುವ ಕಡ್ಡಿಯನ್ನು, ನೀರಿಗೆ ಬಿಟ್ಟ ಹೊಸತರಲ್ಲಿ ಲೀಟರಿಗೆ 6 ಮಿಲಿಗ್ರಾಂ ತೋರಿಸುತ್ತದೆ. ಹಾಗೇ ಬಿಟ್ಟರೆ 4, 3 ಅಂತ ಇಳಿಯುತ್ತಲೇ ಹೋಗುತ್ತದೆ. ಅಲ್ಲಾಡಿಸಿದರೆ ಮತ್ತೆ ಏರುತ್ತದೆ. ಯಾವುದನ್ನು ನಂಬಲಿ?

ಉತ್ತರ: ಅಲ್ಲಾಡಿಸುತ್ತಿರುವಾಗ ಎಲ್ಲಿ ನಿಲ್ಲುತ್ತದೋ ಅದನ್ನು. ನಿಮ್ಮ ಮೀಟರೂ ಕೆಟ್ಟಿಲ್ಲ, ನೀರೂ ಕೆಟ್ಟಿಲ್ಲ. ಈ ಬಗೆಯ ಪ್ರೋಬ್ ಆಮ್ಲಜನಕವನ್ನು ಬರೀ ಎಣಿಸುವುದಿಲ್ಲ, ತಿಂದು ಎಣಿಸುತ್ತದೆ.

1950ರ ದಶಕದಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ರಕ್ತದಲ್ಲಿನ ಆಮ್ಲಜನಕ ಅಳೆಯಲು ಮಾಡಿದ ಎಲೆಕ್ಟ್ರೋಡ್‌ನ ವಂಶವೇ ಇದು. ತುದಿಯಲ್ಲಿ ತೆಳುವಾದ ಟೆಫ್ಲಾನ್ ಪೊರೆ, ಅದರ ಹಿಂದೆ ಉಪ್ಪಿನ ದ್ರಾವಣ, ಅದರೊಳಗೆ ಎರಡು ಲೋಹದ ತುಂಡು. ಪೊರೆ ದಾಟಿ ಬಂದ ಆಮ್ಲಜನಕ ಒಂದು ಲೋಹದ ಮೇಲೆ ಖರ್ಚಾಗುತ್ತದೆ. ಆಗ ಹರಿಯುವ ಪುಟ್ಟ ಕರೆಂಟೇ ನಿಮಗೆ ಕಾಣುವ ಅಂಕಿ. ನೀರು ನಿಂತಲ್ಲೇ ನಿಂತರೆ ಪೊರೆಯ ಹೊರಗೆ ಅಂಟಿಕೊಂಡ ನೀರಿನಲ್ಲಿದ್ದದ್ದು ಖಾಲಿಯಾಗುತ್ತಾ ಬರುತ್ತದೆ. ಹೊಂಡದಲ್ಲಿ ಬೇಕಾದಷ್ಟಿದ್ದರೂ ಪ್ರೋಬ್‌ನ ಮೂಗಿನ ತುದಿಯಲ್ಲಿ ಬರಗಾಲ. ಆದ್ದರಿಂದ ಸೆಕೆಂಡಿಗೆ ಒಂದು ಅಡಿಯಷ್ಟು ವೇಗದಲ್ಲಿ, ನೀರಿನೊಳಗೇ, ಅತ್ತಿತ್ತ ಆಡಿಸುತ್ತಿರಿ. ಮೇಲಕ್ಕೆತ್ತಿ ಚಿಮ್ಮಿಸಬೇಡಿ, ಗಾಳಿ ಸೇರುತ್ತದೆ. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಪ್ರೋಬ್‌ಗೆ ಈ ಹಸಿವಿಲ್ಲ. ಬೆಲೆ ಮಾತ್ರ ಜಾಸ್ತಿ.

ಆಡಿಸಿದರೂ ಅಂಕಿ ಕುಣಿಯುತ್ತಿದ್ದರೆ ಆಗ ಪ್ರೋಬನ್ನು ಅನುಮಾನಿಸಿ. ಪೊರೆಯಿರುವ ತುದಿಯ ಕ್ಯಾಪನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಿಚ್ಚಿ. ಹತ್ತರಲ್ಲಿ ಏಳೆಂಟು ಸಲ ತಪ್ಪು ಅಲ್ಲೇ ಇರುತ್ತದೆ ಎನ್ನುವುದು ನನ್ನ ಲೆಕ್ಕ: ಪೊರೆಯಲ್ಲಿ ಸುಕ್ಕು, ಸೂಜಿಮೊನೆಯ ತೂತು, ಪಾಚಿ, ಇಲ್ಲವೇ ಒಳಗೆ ಗಾಳಿಗುಳ್ಳೆ. ಸಾಸಿವೆಯಷ್ಟು ಗುಳ್ಳೆಯೂ ಸಾಕು. ನಾನೊಮ್ಮೆ ಅದನ್ನು ನೋಡದೆ ಅರ್ಧ ದಿನ ಮೀಟರನ್ನೇ ಬೈದಿದ್ದೇನೆ. ದ್ರಾವಣವನ್ನು ಕ್ಯಾಪ್‌ಗೆ ಹನಿಹನಿಯಾಗಿ ತುಂಬಿ, ಪಕ್ಕಕ್ಕೆ ಬೆರಳಿನಿಂದ ತಟ್ಟಿ, ಸ್ವಲ್ಪ ಹೊರಚೆಲ್ಲುವ ಹಾಗೆ ನಿಧಾನಕ್ಕೆ ತಿರುಗಿಸಿ ಕೂರಿಸಿ. ಪೊರೆಯನ್ನು ಬೆರಳಿನಿಂದ ಮುಟ್ಟಬೇಡಿ, ಎಣ್ಣೆಜಿಡ್ಡು ಹತ್ತುತ್ತದೆ. ಹೊಂಡದ ತಳದ ಕೊಳೆತ ಕೆಸರಿಗೂ ಚುಚ್ಚಬೇಡಿ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಪೊರೆ ದಾಟಿ ಒಳಗಿನ ಬೆಳ್ಳಿಯ ತುಂಡನ್ನು ಕಪ್ಪಾಗಿಸುತ್ತದೆ. ಕೆಲಸ ಮುಗಿದ ಮೇಲೆ ಒದ್ದೆ ಸ್ಪಂಜಿರುವ ಮುಚ್ಚಳದಲ್ಲಿಡಿ.

ಗಾಳಿಯಲ್ಲಿ 100%ಕ್ಕೆ ಕ್ಯಾಲಿಬ್ರೇಟ್ ಮಾಡುವಾಗ, ಅಂದರೆ ಮೀಟರಿನ ಅಂಕಿ ಸರಿಹೊಂದಿಸುವಾಗ, ಪೊರೆಯ ಮೇಲೆ ನೀರಿನ ಹನಿ ಇರಬಾರದು, ಸುತ್ತಲಿನ ಗಾಳಿ ಮಾತ್ರ ತೇವವಾಗಿರಬೇಕು. ಮೀಟರಿನಿಂದ ವೋಲ್ಟೇಜ್ ಪಡೆಯುವ ಪೋಲರೋಗ್ರಾಫಿಕ್ ಬಗೆಯದಾದರೆ ಆನ್ ಮಾಡಿ 10-15 ನಿಮಿಷ ಕಾಯಿರಿ, ಬ್ಯಾಟರಿಯ ಹಾಗೆ ತಾನೇ ವೋಲ್ಟೇಜ್ ಹುಟ್ಟಿಸುವ ಗ್ಯಾಲ್ವಾನಿಕ್‌ಗೆ ಆ ಕಾಯುವಿಕೆ ಬೇಡ. ಊರಿನ ಎತ್ತರವನ್ನೂ ಕೊಡಿ: 25 ಡಿಗ್ರಿಯ ನೀರು ಮಂಗಳೂರಿನಲ್ಲಿ ಲೀಟರಿಗೆ 8.2 ಮಿಲಿಗ್ರಾಂನಷ್ಟು ಹಿಡಿದರೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 7.4ರ ಆಸುಪಾಸು. ಇದನ್ನು ಕಂಡು ಮೀಟರ್ ವಾಪಸ್ ಕಳಿಸಿದವರಿದ್ದಾರೆ!

ಇನ್ನು ನಿಮ್ಮ ಹೊಂಡಕ್ಕೆ ಬೇಕಾದ ಅಂಕಿ ಮಧ್ಯಾಹ್ನದ್ದಲ್ಲ. ರಾತ್ರಿಯೆಲ್ಲ ಪಾಚಿಯೂ ಮೀನಿನ ಜೊತೆ ಉಸಿರಾಡುತ್ತದೆ. ಹಾಗಾಗಿ ಆಮ್ಲಜನಕ ತೀರಾ ಇಳಿದಿರುವ ಬೆಳಗಿನ ಜಾವ, ಸೂರ್ಯ ಹುಟ್ಟುವ ಮುಂಚೆ ಅಳೆಯಿರಿ. ಪ್ರೋಬ್ ಆಡಿಸುತ್ತಿದ್ದರೂ ಅಂಕಿ 3ಕ್ಕಿಂತ ಕೆಳಗಿದ್ದರೆ, ಮೊದಲು ನೀರಿಗೆ ಗಾಳಿ ಕೂಡಿಸುವ ಏರಿಯೇಟರ್ ಹಾಕಿ, ಪೊರೆಯನ್ನು ಆಮೇಲೆ ನೋಡಿ.